ಹೆಪ್ಪು ಹಿಡಿಯದ ಲೋಟ

ಮುಂಜಾವಿನ ಮಂಜು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎನ್ನುತ್ತಿರುವ ಹೊತ್ತಿಗೆ ನೇಜಾ ಆಗಲೇ ಗಿಡ್ಡ ಮಣೆಯ ಮೇಲೆ ಕೂತು, ಹಸುವಿನ ಪಕ್ಕೆಗೆ ಹಣೆ ಕೊಟ್ಟು ಹಾಲು ಕರೆಯುತ್ತಿರುತ್ತಿದ್ದಳು. ಕಣ್ಣು ಮುಚ್ಚಿರುತ್ತಿದ್ದವು. ನಿದ್ದೆಯಲ್ಲಿದ್ದಾಳೋ ಎಚ್ಚರದಲ್ಲಿದ್ದಾಳೋ ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಹಾಲಿನ ಧಾರೆ ಮೊದಮೊದಲು ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಚಟಗುಟ್ಟುತ್ತಿತ್ತು; ನೊರೆ ಏರಿದ ಮೇಲೆ ಒಣಹುಲ್ಲಿನ ಮೇಲೆ ಯಾರೋ ಬರಿಗಾಲಲ್ಲಿ ನಡೆದಂತೆ ಮೆತ್ತಗಾಗುತ್ತಿತ್ತು. ಆ ಸದ್ದಿನಲ್ಲೇ ಪಾತ್ರೆ ಎಷ್ಟು ತುಂಬಿತೆಂದು ಅವಳಿಗೆ ಗೊತ್ತಾಗುತ್ತಿತ್ತು. ಕಣ್ಣು ಬಿಡುವ ಕೆಲಸವೇ ಇರಲಿಲ್ಲ.

ನಾನು ಅದೇ ಬೆಟ್ಟದಲ್ಲಿ ಗೊಡ್ಡು ದನ, ಕಡಸುಗಳನ್ನು ಮೇಯಿಸಿದವನು. ಬೇಸಿಗೆಯಿಡೀ ಅವಳ ಒಲೆಯ ಮುಂದೆ ಉಂಡವನು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ, ಆದರೂ ಹುಲ್ಲು, ದನ, ಮೋಡ ಇಷ್ಟನ್ನು ಯಾರ ಹಂಗೂ ಇಲ್ಲದೆ ಓದಬಲ್ಲೆ. ಹಾಗಿದ್ದೂ ಕೆಚ್ಚಲಿನ ವಿಷಯ ಬಂದರೆ ನೇಜಾಳ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಅವಳು ಹುಟ್ಟಿದ್ದು ಕೆಳಗೆ, ಸೋಚಾ ನದಿಯ ದಂಡೆಯ ಊರಲ್ಲಿ. ಲಂಗ ತೊಡುವ ವಯಸ್ಸಿನಲ್ಲಿ ಚಿಕ್ಕಮ್ಮನ ಸೆರಗು ಹಿಡಿದು ಬೆಟ್ಟ ಹತ್ತಿದವಳು, ಆಮೇಲೆ ಒಂದು ಬೇಸಿಗೆಯನ್ನೂ ತಪ್ಪಿಸಲಿಲ್ಲ. ಮದುವೆಯಾಗಲಿಲ್ಲ. ಏಕೆಂದು ಕೇಳಿದವರಿಗೆ, ಮದುವೆಗೆ ಕೇಳಿದ ಗಂಡಸರೆಲ್ಲ ಜೂನ್ ತಿಂಗಳಲ್ಲಿ ಬಂದು ಕೇಳಿದರು, ಆಗ ನನಗೆ ಪುರುಸೊತ್ತು ಎಲ್ಲಿತ್ತು ಎನ್ನುತ್ತಿದ್ದಳು. ಚಳಿಗಾಲದಲ್ಲಿ ತೊಲ್ಮಿನ್ ಪೇಟೆಯಲ್ಲಿ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿರುತ್ತಿದ್ದಳು. ಹಿಮ ಬಿದ್ದ ಬೀದಿಯಲ್ಲಿ ಸಿಕ್ಕರೆ, ನೆನ್ನೆ ಕನಸಲ್ಲಿ ಮೇಲಿನ ಬುಗ್ಗೆಯ ಹತ್ತಿರ ಹುಲ್ಲು ಹೂಬಿಟ್ಟಿತ್ತು ಎಂದು ಹೇಳುತ್ತಿದ್ದಳು, ಪಕ್ಕದ ಮನೆಯ ಸಮಾಚಾರ ಹೇಳಿದಷ್ಟು ಸಹಜವಾಗಿ. ಕನಸು ಯಾವುದು, ಹೋದ ವರ್ಷದ ಬೇಸಿಗೆ ಯಾವುದು ಎಂದು ಅವಳು ಬೇರೆ ಮಾಡುತ್ತಿರಲಿಲ್ಲ.

ನಮ್ಮ ಬೆಟ್ಟದಲ್ಲಿ ಊರಿನ ಎಲ್ಲ ಮನೆಗಳ ಹಸುಗಳೂ ಒಟ್ಟಿಗೆ ಮೇಯುತ್ತವೆ, ಎಲ್ಲದರ ಹಾಲೂ ಒಂದೇ ತಾಮ್ರದ ಕೊಪ್ಪರಿಗೆಗೆ ಬೀಳುತ್ತದೆ. ಅದರಿಂದಲೇ ಚೀಸ್. ಯಾರಿಗೆ ಎಷ್ಟು ಪಾಲು ಎಂಬುದನ್ನು ಬೇಸಿಗೆಯ ನಡುವೆ ಬರುವ ಅಳತೆಯಲ್ಲಿ ತೀರ್ಮಾನಿಸುತ್ತಾರೆ. ಒಂದು ಸಂಜೆಯ ಹಾಲು, ಮರುಬೆಳಗಿನ ಹಾಲು. ಒಂದೊಂದು ಮನೆಯದನ್ನೂ ಬೇರೆ ಪಾತ್ರೆಗೆ ಸುರಿದು, ಕಡ್ಡಿ ಅದ್ದಿ, ಎಷ್ಟೆತ್ತರ ನೆನೆಯಿತೋ ಅಲ್ಲಿಗೆ ಚಾಕುವಿನಿಂದ ಗೀರು ಹಾಕುತ್ತಾರೆ. ಆ ಗೀರಿನ ಲೆಕ್ಕದಲ್ಲೇ ಸೆಪ್ಟೆಂಬರಿನಲ್ಲಿ ಪಾಲು. ಮದ್ದು ಬಿದ್ದ ಹಸುವಿನ ಹಾಲು ಅಳತೆಗೆ ಇಲ್ಲ, ಏಕೆಂದರೆ ಮದ್ದಿನ ಹಾಲು ಕೊಪ್ಪರಿಗೆಗೆ ಬಿದ್ದರೆ ಹೆಪ್ಪು ಸಾಯುತ್ತದೆ, ಊರಿಗೆ ಊರೇ ಚೀಸ್ ಕಳೆದುಕೊಳ್ಳುತ್ತದೆ. ಇನ್ನೊಂದು ಕಟ್ಟಳೆಯೂ ಇತ್ತು. ಬೆಟ್ಟದ ಗುಡಿಸಲಿನ ಬೀಗದ ಕೈ ಯಾವ ಹೆಂಗಸಿನ ಕೈಯಲ್ಲಿರುತ್ತದೋ ಅವಳ ಸ್ವಂತ ಹಸುವಿನ ಹಾಲು ಆ ವರ್ಷದ ಅಳತೆಗೆ ಬಂದಿರಬೇಕು. ಕೊಪ್ಪರಿಗೆಯಲ್ಲಿ ತನ್ನದೇನೂ ಇಲ್ಲದವಳು ಪರರ ಹಾಲನ್ನು ಜೋಪಾನ ಮಾಡುವಳೇ ಎಂದು ಹಿಂದಿನವರು ಮಾಡಿಟ್ಟದ್ದು.

ಆ ಬೀಗದ ಕೈ ನೇಜಾಳದು, ಅದಿಲ್ಲದೆ ಅವಳಿಗೆ ಬೆಟ್ಟವಿಲ್ಲ. ಅವಳಿಗೆ ಆಗ ಉಳಿದಿದ್ದದ್ದು ಒಂದೇ ಹಸು. ಲೀಸ್ಕಾ. ಕೆಂಪು ಮೈ, ಬೆನ್ನುದ್ದಕ್ಕೂ ಹಾಲು ಚೆಲ್ಲಿದಂತೆ ಬಿಳಿ ಪಟ್ಟೆ, ನಮ್ಮ ಕಡೆಯ ಗಿಡ್ಡ ತಳಿ. ಆ ವರ್ಷ ಅಳತೆ ಹತ್ತಿರ ಬರುತ್ತಿದ್ದಾಗಲೇ ಲೀಸ್ಕಾಳ ಹಿಂದಿನ ಎಡಮೊಲೆ ಕಲ್ಲಿನಂತಾಯಿತು.

ಬೆಳಗ್ಗೆ ಅವಳು ಮೊದಲ ಧಾರೆಯನ್ನು ಅಂಗೈಗೆ ಕರೆದುಕೊಂಡು ಬಾಗಿಲ ಬೆಳಕಿಗೆ ಬಂದಳು. ಹಾಲಿನಲ್ಲಿ ಒಡೆದ ಮೊಸರಿನಂತೆ ಗಂಟುಗಳಿದ್ದವು. ನನಗೆ ತೋರಿಸಿದಳು. ಅಂಗೈಯನ್ನು ಹುಲ್ಲಿಗೆ ಒರೆಸಿ ಹಾಗೇ ನಿಂತಳು. ಕೆಳಗೆ ಕಣಿವೆ ತುಂಬ ಮೋಡ ಹಾಸಿಕೊಂಡಿತ್ತು. ಗಂಟೆ ಕಟ್ಟಿದ ಹಸುಗಳು ಅದರ ಅಂಚಿನಲ್ಲಿ ಮೇಯುತ್ತ, ಬಿಳಿಯ ನೀರಿನ ದಡದಲ್ಲಿ ನಡೆದಾಡುವಂತೆ ಕಾಣುತ್ತಿದ್ದವು. ಮುಂದಿನ ವರ್ಷ ಆ ಗಂಟೆಗಳನ್ನು ತಾನು ಎಲ್ಲಿ ಕೂತು ಕೇಳುತ್ತೇನೆ ಎಂದು ಅವಳು ಯೋಚಿಸುತ್ತಿದ್ದಳೆಂಬುದು ನನಗೆ ಗೊತ್ತಿತ್ತು. ಕೇಳುವ ಅಗತ್ಯವಿರಲಿಲ್ಲ.

ಅರಣ್ಯ ಇಲಾಖೆಯ ಠಾಣೆಯಿಂದ ಫೋನ್ ಮಾಡಿಸಿದೆವು. ಪಶುವೈದ್ಯೆ ಕೇಂದಾ ಹಳೆಯ ಜೀಪಿಗೆ ಏದುಸಿರು ಬಿಡಿಸುತ್ತ ಬಂದಳು. ವಯಸ್ಸು ಚಿಕ್ಕದು, ಕೈ ಹಗುರ, ಮಾತು ನೇರ. ಕೆಚ್ಚಲನ್ನು ಮುಟ್ಟಿ, ಜ್ವರ ನೋಡಿ, ನಾಲ್ಕು ಗುಂಡಿಗಳಿರುವ ಕಪ್ಪು ತಟ್ಟೆಗೆ ನಾಲ್ಕೂ ಮೊಲೆಯ ಹಾಲು ಕರೆದು ನೀಲಿ ದ್ರಾವಣ ಹಾಕಿ ಆಡಿಸಿದಳು. ಮೂರು ಗುಂಡಿಯಲ್ಲಿ ಹಾಲು ಹಾಲಾಗಿಯೇ ಇತ್ತು. ಒಂದರಲ್ಲಿ ಲೋಳೆಯಂತೆ ಎಳೆ ಎಳೆಯಾಯಿತು. ಮೊಲೆಗೆ ಏರಿಸುವ ಆಂಟಿಬಯಾಟಿಕ್ ಟ್ಯೂಬ್ ತನ್ನ ಚೀಲದಲ್ಲೇ ಇದೆ ಎಂದಳು. ಹಾಕಿದರೆ ಬಹುಮಟ್ಟಿಗೆ ಇಳಿಯುತ್ತದೆ, ಆದರೆ ಅಳತೆ ಕಳೆಯುವತನಕ ಹಾಲನ್ನು ಯಾರೂ ಮುಟ್ಟುವಂತಿಲ್ಲ.

ನೇಜಾ ಹಸುವಿನ ಬೆನ್ನು ಸವರುತ್ತಲೇ, "ಟ್ಯೂಬ್ ಇಲ್ಲದೆ ನೋಡೋಣ ತಾಯಿ," ಎಂದಳು.

"ಜ್ವರ ಇಲ್ಲ, ಮೇಯ್ತಾ ಇದೆ. ನೋಡೋಣ, ಬೇಡ ಅನ್ನಲ್ಲ," ಎಂದಳು ಕೇಂದಾ. "ಗಳಿಗೆಗೊಂದು ಸಲ ಆ ಮೊಲೆ ಖಾಲಿ ಮಾಡ್ತಾ ಇರಿ, ತಣ್ಣೀರು ಹೊಡೀರಿ. ಆದ್ರೆ ದೊಡ್ಡಮ್ಮ, ಮೈ ಬಿಸಿಯಾದ್ರೆ, ಮೇವು ಬಿಟ್ರೆ, ಹಠ ಮಾಡಬಾರದು. ಹಸು ಹೋದ್ಮೇಲೆ ಅಳತೆ ಯಾರಿಗೆ?"

ನೇಜಾ ಮಾತು ಕೊಟ್ಟಳು. ಹೊರಡುವ ಮುಂಚೆ ಕೇಂದಾ, ಏನು ಹಚ್ಚುತ್ತೀರೋ ನನಗೂ ಹೇಳಿ ಎಂದು ಕೇಳಿದಳು. ನೇಜಾ ನಕ್ಕು, ಮದ್ದೇನೂ ಇಲ್ಲ, ಬೇರು ಮತ್ತು ನೊಣ ಎಂದಳು. ಕೇಂದಾಳೂ ನಕ್ಕು ಜೀಪು ಹತ್ತಿದಳು.

ಬೇರು ಎಂದರೆ ತೊರೆಯ ಬದಿಯಲ್ಲಿ ಬೆಳೆಯುವ ಒರಟು ಎಲೆಯ ಗಿಡದ್ದು. ಹೊರಗೆ ಕಪ್ಪು, ಒಳಗೆ ಬಿಳಿ, ಅರೆದರೆ ಲೋಳೆ. ಅದನ್ನು ಹಂದಿಯ ಕೊಬ್ಬಿನಲ್ಲಿ ಕಾಯಿಸಿ ಬಾವು ಬಂದಲ್ಲಿಗೆ ಲೇಪಿಸುತ್ತಿದ್ದಳು. ನೊಣ ಎಂದರೆ ಜೇನುನೊಣಗಳು ಮೊಗ್ಗಿನಿಂದ ತಂದು ಗೂಡಿನ ಬಿರುಕಿಗೆ ಮೆತ್ತುವ ಕಂದು ಅಂಟು. ಸತ್ತ ಇಲಿ ಗೂಡಿನೊಳಗೆ ಸಿಕ್ಕಿಕೊಂಡರೆ ನೊಣಗಳು ಅದನ್ನೂ ಈ ಅಂಟಿನಲ್ಲಿ ಸುತ್ತಿಡುತ್ತವೆ, ಕೊಳೆಯಲು ಬಿಡುವುದಿಲ್ಲ. ಅಂಥ ಅಂಟನ್ನು ಪ್ಲಮ್ ಸಾರಾಯಿಯಲ್ಲಿ ನೆನೆಹಾಕಿದ ಬಾಟಲಿ ಅವಳ ತಲೆದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ಗಾಯಕ್ಕೂ ಅದೇ, ಹಲ್ಲುನೋವಿಗೂ ಅದೇ.

ಆಮೇಲಿನ ದಿನಗಳು ಒಂದಕ್ಕೊಂದು ಬೆಸೆದುಕೊಂಡು ನಡೆದವು. ಲೀಸ್ಕಾಳನ್ನು ಅವಳು ಗುಡಿಸಲಿನ ಹತ್ತಿರದ ಬೀಚ್ ಮರದ ಕೆಳಗೆ ಕಟ್ಟಿಕೊಂಡಳು. ಬುಗ್ಗೆಯ ನೀರನ್ನು ಕೆಚ್ಚಲಿಗೆ ಹೊಯ್ಯುವುದು, ಮೊಲೆಯನ್ನು ಖಾಲಿ ಮಾಡುವುದು, ಬೇರು ಲೇಪಿಸುವುದು, ಮತ್ತೆ ಬುಗ್ಗೆಗೆ ನಡೆಯುವುದು. ಮಂಜು ಬಂದಾಗ ಹಸುವೂ ಇಲ್ಲ, ಅವಳೂ ಇಲ್ಲ, ಗುನುಗು ಮಾತ್ರ ಕೇಳುತ್ತಿತ್ತು. ಅದಕ್ಕೆ ಪದವಿರಲಿಲ್ಲ, ರಾಗವೂ ಇತ್ತೆಂದು ಹೇಳಲಾರೆ. ಮಂಜು ಸರಿದಾಗ ಇಬ್ಬರೂ ಇದ್ದಲ್ಲೇ ಇರುತ್ತಿದ್ದರು, ಅವಳ ಹಣೆ ಹಸುವಿನ ಪಕ್ಕೆಯಲ್ಲಿ. ಒಮ್ಮೆ ನಾನು ರೊಟ್ಟಿ ಕೊಡಲು ಹೋದರೆ, ಮೆಲ್ಲಗೆ ಬಾ, ಇವಳು ಕನಸು ಕಾಣುತ್ತಿದ್ದಾಳೆ ಎಂದು ಕೈಸನ್ನೆ ಮಾಡಿದಳು. ಹಸು ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ಆ ಗಳಿಗೆಯಲ್ಲಿ ನನಗೂ ಮೈ ಜೋಂಪು ಹತ್ತಿದಂತಾಗಿ ರೊಟ್ಟಿಯನ್ನು ಕಲ್ಲಿನ ಮೇಲಿಟ್ಟು ಬಂದೆ.

ಆ ದಿನಗಳಲ್ಲಿ ಲೀಸ್ಕಾಳ ಹಾಲಿನ ಒಂದು ಹನಿಯನ್ನೂ ಅವಳು ಕೊಪ್ಪರಿಗೆಗೆ ಕೊಡಲಿಲ್ಲ. ಉಳಿದ ಹಸುಗಳನ್ನೆಲ್ಲ ಕರೆದು, ಕೈ ತೊಳೆದು, ಕೊನೆಗೆ ಇವಳ ಬಳಿ ಕೂರುತ್ತಿದ್ದಳು. ಕರೆದದ್ದು ಹಂದಿಯ ಬಾನಿಗೆ ಹೋಗುತ್ತಿತ್ತು. ಬಾವು ಇಳಿಯಿತು. ಕಲ್ಲಾಗಿದ್ದದ್ದು ಹಿಟ್ಟಿನ ಮುದ್ದೆಯಾಯಿತು, ಆಮೇಲೆ ಚರ್ಮ ಸಡಿಲವಾಯಿತು. ಅಳತೆಯ ಸಂಜೆಗೆ ಮುಂಚೆ ಕೇಂದಾ ಮತ್ತೆ ಬಂದು ತಟ್ಟೆ ಆಡಿಸಿದಾಗ ಮೂರು ಗುಂಡಿ ತಿಳಿಯಾಗಿದ್ದವು, ಎಡಮೊಲೆಯದು ಮಾತ್ರ ಇನ್ನೂ ಸ್ವಲ್ಪ ಎಳೆಯುತ್ತಿತ್ತು. ಆ ಒಂದನ್ನು ಹಂದಿಗೆ ಹಾಕಿ, ಮೂರರ ಹಾಲು ಅಳತೆಗೆ ಬರಲಿ, ನನ್ನ ಒಪ್ಪಿಗೆಯಿದೆ ಎಂದು ಎಲ್ಲರೆದುರು ಹೇಳಿ, ಇನ್ನೊಂದು ಊರಲ್ಲಿ ಕರು ಹಾಕಿಸಲು ಕೆಳಗಿಳಿದಳು.

ಸಂಜೆ ಅಳತೆ ನಡೆಯಿತು. ಊರಿನ ಮನೆಗಳವರು ಮೇಲೆ ಬಂದಿದ್ದರು. ಚೀಸ್ ಮಾಡುವವನು ಯೆರ್ನೆಯ; ಅಳತೆ ಮುಗಿಯುವವರೆಗೆ ಬೀಗದ ಕೈಯೂ ಅವನ ಬಳಿಯೇ. ಅವನೇ ಕಡ್ಡಿ ಹಿಡಿದು ಗೀರು ಹಾಕಿದ. ಅವನೂ ನೇಜಾಳೂ ಒಂದೇ ಬೇಸಿಗೆಯಲ್ಲಿ ಬೆಟ್ಟಕ್ಕೆ ಬಂದವರು, ಅಂದಿನಿಂದ ಜಗಳವಾಡಿಕೊಂಡೇ ಒಲೆ ಹಂಚಿಕೊಂಡವರು. ಅಳತೆಯಾದ ಮೇಲೆ ನಮ್ಮಲ್ಲಿ ಹಾಲು ಮಲಗಿಸುವ ಪದ್ಧತಿ. ಪ್ರತಿ ಮನೆಯ ಹಾಲಿನಿಂದ ಒಂದೊಂದು ಲೋಟ ತೆಗೆದು, ಹಿಂದಿನ ದಿನದ ಹಾಲೊಡಕಿನ ಹೆಪ್ಪನ್ನು ಎಲ್ಲಕ್ಕೂ ಸಮನಾಗಿ ಹಾಕಿ, ಮನೆಯ ಗುರುತು ಅಂಟಿಸಿ, ಒಲೆಯ ಪಕ್ಕದ ಬೆಚ್ಚಗಿನ ಕಲ್ಲುಗೂಡಿನಲ್ಲಿಡುತ್ತಾರೆ. ಬೆಳಗಾಗುವಾಗ ಒಳ್ಳೆಯ ಹಾಲು ನಯವಾಗಿ ಗಟ್ಟಿಯಾಗಿರುತ್ತದೆ. ಕೊಳಕು ಹಾಲು ಗುಳ್ಳೆ ಎದ್ದಿರುತ್ತದೆ. ಮದ್ದಿನ ಹಾಲು ನೀರಿನಂತೆ ಹಾಗೇ ಇರುತ್ತದೆ. ಲೋಟ ನೋಡುವವರೆಗೆ ಯಾವ ಮನೆಯ ಹಾಲೂ ಕೊಪ್ಪರಿಗೆಗೆ ಬೀಳುವುದಿಲ್ಲ.

ಬೆಳಗ್ಗೆ ಗೂಡು ತೆರೆದಾಗ ಎಲ್ಲ ಲೋಟಗಳೂ ಬಿಳಿ ಕಲ್ಲಿನಂತೆ ನಿಂತಿದ್ದವು. ಲೀಸ್ಕಾಳ ಲೋಟವನ್ನು ಯೆರ್ನೆಯ ವಾಲಿಸಿದ. ಹಾಲು ಅಂಚಿನವರೆಗೆ ಹರಿದು ಅವನ ಹೆಬ್ಬೆರಳಿಗೆ ತಾಗಿತು.

ಒಲೆಯ ಮೇಲಿನ ಹಬೆ ಎಲ್ಲರ ಮುಖದ ಮುಂದೆ ಸುಳಿದಾಡಿತು.

"ಟ್ಯೂಬ್ ಹಾಕಿಸಿದ್ಯಾ?" ಎಂದು ಯೆರ್ನೆಯ ಮೆಲ್ಲಗೆ ಕೇಳಿದ. ಅವನ ಮೆಲ್ಲಗಿನ ದನಿ ಕೇಳಿದ್ದೇ ನನಗೆ ಹೆದರಿಕೆಯಾಯಿತು, ಏಕೆಂದರೆ ಸಿಟ್ಟು ಬಂದರೆ ಅವನು ಕೂಗುವವನು. "ಹಾಕಿಸಿದ್ರೆ ಹೇಳ್ಬಿಡು ನೇಜಾ. ಇಷ್ಟು ವರ್ಷ ನನ್ನ ಕೊಪ್ಪರಿಗೆ ಪಕ್ಕ ನಿಂತವಳು ನೀನು."

"ಇಲ್ಲ," ಎಂದಳು ನೇಜಾ.

"ಹಂಗಾದ್ರೆ ಇದೇನು?"

ಮನೆಗಳವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರು ಕೆಟ್ಟವರಲ್ಲ. ವೈದ್ಯೆ ತಾನೇ ನಿಂತು ನೋಡಿ ಒಪ್ಪಿಗೆ ಕೊಟ್ಟಿದ್ದಾಳೆ, ಟ್ಯೂಬ್ ಹಾಕಿದ್ದರೆ ಅವಳಿಗೆ ತಿಳಿಯದೇ ಎಂದು ಒಬ್ಬರು ಅಂದರು. ಗೂಡಿನ ಆ ಮೂಲೆ ತಣ್ಣಗಿದ್ದಿರಬೇಕು, ಲೋಟದ ತಪ್ಪಿಗೆ ಹಸುವಿಗೇಕೆ ಶಿಕ್ಷೆ, ಸಂಜೆಯ ಗೀರು ಹಾಗೇ ಇರಲಿ ಎಂದು ಇನ್ನೊಬ್ಬರು ಅಂದರು. ಯೆರ್ನೆಯನಿಗೂ ಆ ಮಾತು ಬೇಕಾಗಿತ್ತು. ಗೂಡಿನೊಳಗೆ ಕೈಯಿಟ್ಟು ನೋಡಿ, ಮೂಲೆ ಸ್ವಲ್ಪ ತಣ್ಣಗೇ ಇದೆ ಎಂದ. ತಣ್ಣಗಿರಲಿಲ್ಲ. ನಾನೂ ಆಮೇಲೆ ಕೈಯಿಟ್ಟು ನೋಡಿದೆ.

ಅವಳು ಹೂಂ ಅಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

ನೇಜಾ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿದಳು. ಆಮೇಲೆ ಲೋಟವನ್ನು ನನ್ನ ಮೂಗಿಗೆ ಹಿಡಿದಳು. ಬೆಚ್ಚಗಿನ ಹಾಲಿನೊಳಗಿಂದ ಬಿಸಿಲು ಬಿದ್ದ ಜೇನುಪೆಟ್ಟಿಗೆಯ ವಾಸನೆ ಬಂತು. ಅಂಟು, ಮೊಗ್ಗು, ಮೇಣ.

ಆಗ ಅವಳು ಹೇಳಿದ್ದು ಇಷ್ಟು. ಬಾವು ಬಂದ ಮೊಲೆಗೆ ಹಚ್ಚಿದ್ದು ಸಾಲದೆಂದು, ಅಳತೆ ಹತ್ತಿರ ಬಂದ ಹಾಗೆಲ್ಲ, ಒಳ್ಳೆಯ ಮೂರು ಮೊಲೆಗಳಿಗೂ ನೊಣದ ಅಂಟಿನ ಸಾರಾಯಿ ಹಚ್ಚುತ್ತ ಬಂದಿದ್ದಳು. ಅವಕ್ಕೂ ತಗುಲೀತೆಂಬ ಭಯ. ಕೊನೆಯ ದಿನ ಕೈಗೂ ಬಳಿದುಕೊಂಡಿದ್ದಳು. ಆ ಕೈಯಲ್ಲೇ, ಆ ಮೊಲೆಗಳಿಂದಲೇ ಸಂಜೆಯ ಹಾಲು ಕರೆದಿದ್ದಳು. ಬೆರಳ ಸಂದಿನಿಂದ ಇಳಿದದ್ದೆಲ್ಲ ಹಾಲಿಗೇ ಇಳಿದಿತ್ತು.

"ಅದು ಮದ್ದಲ್ಲವಲ್ಲ ಮಾರಾಯ್ತಿ, ನೊಣದ ಅಂಟು," ಎಂದ ಯೆರ್ನೆಯ. ಅವನ ದನಿಯಲ್ಲಿ ಬೇಡಿಕೆಯಿತ್ತು.

"ಮದ್ದೇ," ಎಂದಳು ನೇಜಾ. "ಬಾವು ಇಳಿಸಿದ್ದು ಅದೇ ಅಂತ ಬೀಗ್ತಾ ಇದ್ದೆನಲ್ಲ ನಾನು, ಆಗ ಮದ್ದು. ಹೆಪ್ಪು ಸಾಯಿಸಿದಾಗ ಬರೀ ಅಂಟಾ? ಅದಕ್ಕೇನು ಗೊತ್ತು, ಇದು ಕೆಟ್ಟ ಹುಳ, ಇದು ಯೆರ್ನೆಯನ ಹೆಪ್ಪು ಅಂತ. ಸಿಕ್ಕಿದ್ದನ್ನ ಕೊಂದಿದೆ. ಸಂಜೆಯ ಗೀರು ಅಳಿಸು."

ಅವನು ಅಳಿಸಲಿಲ್ಲ. ಚಾಕು ಹಿಡಿದು ನಿಂತೇ ಇದ್ದ. ಅವಳೇ ಕಡ್ಡಿ ತೆಗೆದುಕೊಂಡು, ಚಾಕು ತೆಗೆದುಕೊಂಡು, ತನ್ನ ಗೀರನ್ನು ಕೆತ್ತಿ ಹಾಕಿದಳು. ಮರದ ಸಣ್ಣ ಸಿಪ್ಪೆ ಒಲೆಗೆ ಬಿದ್ದು ಉರಿಯಿತು. ಅಳತೆಗೆ ಹಾಲಿಲ್ಲವೆಂದರೆ ಬೀಗದ ಕೈ ಇಲ್ಲ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು.

ಬೆಳಗಿನ ಹಾಲು ಇನ್ನೂ ಬಾಕಿಯಿದೆಯಲ್ಲ ಎಂದು ನೆನಪಿಸಿದವನು ಯೆರ್ನೆಯನೇ. ಮದ್ದಿನ ಹಾಲು ಬೇಡ ಎಂದು ಕಟ್ಟಳೆ ಹೇಳುತ್ತದೆ, ಮದ್ದು ತೊಳೆದು ಹೋದ ಹಾಲು ಬೇಡ ಎನ್ನುವುದಿಲ್ಲ ಎಂದು ಮನೆಗಳವರ ಮುಂದಿಟ್ಟ. ಇವಳು ಹಚ್ಚಿದ್ದು ಹೊರಗೆ, ಮೊಲೆಯ ಒಳಗಲ್ಲ. ತೊಳೆಯಲಿ, ಕರೆಯಲಿ. ಆ ಹಾಲನ್ನು ಕೊಪ್ಪರಿಗೆಗೆ ಹಾಕದೆ ಬೇರೆ ಮಡಕೆಯಲ್ಲಿ ಹೆಪ್ಪು ಹಾಕಿಡೋಣ. ಹೊತ್ತು ಇಳಿಯುವುದರೊಳಗೆ ಗಟ್ಟಿಯಾದರೆ ಗೀರು, ಇಲ್ಲವಾದರೆ ಇಲ್ಲ. ಮನೆಗಳವರು ಒಬ್ಬೊಬ್ಬರಾಗಿ ತಲೆಯಾಡಿಸಿದರು.

ಸಾರಾಯಿಯ ಅಂಟು ನೀರಿಗೆ ಬಿಡುವುದಿಲ್ಲ. ಅವಳು ಮೊದಲು ಬಿಸಿ ಕೊಬ್ಬು ಹಚ್ಚಿ ಒರೆಸಿದಳು, ಆಮೇಲೆ ಬೂದಿ ನೀರು, ಆಮೇಲೆ ಬಿಸಿ ಹಾಲೊಡಕು, ಆಮೇಲೆ ಬುಗ್ಗೆಯ ನೀರು. ತನ್ನ ಕೈಯನ್ನು ಮೊಣಕೈವರೆಗೆ ಮರಳಿನಿಂದ ತಿಕ್ಕಿ ಕೆಂಪು ಮಾಡಿಕೊಂಡಳು. ಲೀಸ್ಕಾ ಇದೇನು ಮದುವೆಯ ಸಿಂಗಾರವೆಂಬಂತೆ ತಿರುತಿರುಗಿ ನೋಡಿತು. ಮೊದಲ ಧಾರೆಗಳು ನೆಲಕ್ಕೆ ಹೋದವು. ಆಮೇಲೆ ಮೂರು ಮೊಲೆಯ ಹಾಲು, ಪಾತ್ರೆಯ ತಳದಿಂದ ಸ್ವಲ್ಪ ಮೇಲಕ್ಕೆ. ಆ ದಿನ ಅವಳು ಕಣ್ಣು ತೆರೆದುಕೊಂಡೇ ಕರೆದಳು.

ಮಡಕೆಯನ್ನು ಒಲೆಯ ಬದಿಗಿಟ್ಟು, ಉಣ್ಣೆಯ ಬಟ್ಟೆ ಹೊದಿಸಿದ ಮೇಲೆ ಮಾಡುವುದಕ್ಕೇನೂ ಉಳಿಯಲಿಲ್ಲ. ಮಧ್ಯಾಹ್ನ ಮೋಡ ಬೆಟ್ಟದ ಮೇಲೆಯೇ ಕೂತುಬಿಟ್ಟಿತು. ಕಿಟಕಿಯಾಚೆ ಜಗತ್ತೇ ಇರಲಿಲ್ಲ, ಬಿಳುಪು ಮಾತ್ರ. ಆ ಬಿಳುಪಿನೊಳಗೆ ಎಲ್ಲೋ ಗಂಟೆಗಳು, ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ, ಹಸುಗಳು ಗಾಳಿಯಲ್ಲಿ ನಡೆಯುತ್ತಿರುವಂತೆ. ಮನೆಗಳವರು ಮೆಕ್ಕೆಜೋಳದ ಮುದ್ದೆಯನ್ನು ಹುಳಿ ಹಾಲಿನಲ್ಲಿ ಕಲಸಿ ತಿಂದು, ಗೋಡೆಗೊರಗಿ ತೂಕಡಿಸಿದರು. ಕೆಳಗಿಳಿಯಬೇಕಾದವರೂ ಇಳಿಯಲಿಲ್ಲ. ಒಂದು ಮಡಕೆ ಹಾಲಿಗಾಗಿ ಇಡೀ ಊರು ಒಂದು ಗುಡಿಸಲಿನಲ್ಲಿ ಉಸಿರು ಸಣ್ಣ ಮಾಡಿಕೊಂಡು ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನೇಜಾ ಮಡಕೆಯ ಪಕ್ಕದ ನೆಲದ ಮೇಲೆ ಕೂತಿದ್ದಳು. ಮುಟ್ಟಲಿಲ್ಲ, ಬಟ್ಟೆ ಸರಿಸಿ ನೋಡಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಪ್ರಾರ್ಥನೆಯೇ ಎಂದು ಆಮೇಲೆ ಕೇಳಿದೆ. ಅಲ್ಲವಂತೆ. ತಾನು ಈವರೆಗೆ ಕರೆದ ಹಸುಗಳ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದಳಂತೆ, ಯಾರನ್ನೂ ಬಿಡದೆ, ಸತ್ತವನ್ನೂ.

ಬಿಳುಪು ಹಳದಿಗೆ ತಿರುಗಿದಾಗ ಯೆರ್ನೆಯ ಎದ್ದು ಬಟ್ಟೆ ತೆಗೆದ. ತಾನು ನೋಡದೆ ಮುಖ ಆಚೆ ಮಾಡಿ, "ನೀನೇ ಹಾಕು ಬೆರಳು," ಎಂದ.

ಅವಳು ತೋರುಬೆರಳನ್ನು ಓರೆಯಾಗಿ ಒಳಗಿಳಿಸಿ ಮೆಲ್ಲಗೆ ಮೇಲೆತ್ತಿದಳು. ಬಿಳಿಯ ಮೈ ಒಂದೇ ಗೆರೆಯಲ್ಲಿ ನಯವಾಗಿ ಸೀಳಿತು. ಸೀಳಿನಲ್ಲಿ ತಿಳಿಹಸಿರು ನೀರು ತುಂಬಿಕೊಂಡಿತು. ಅವಳು ಬೆರಳನ್ನು ಹಾಗೇ ಎತ್ತಿ ಹಿಡಿದಳು. ಅದಕ್ಕೆ ಏನೂ ಅಂಟಿರಲಿಲ್ಲ. ಗೋಡೆಗೊರಗಿದವರಲ್ಲಿ ಯಾರೋ ದೀರ್ಘವಾಗಿ ಉಸಿರು ಬಿಟ್ಟರು.

ಯೆರ್ನೆಯ ಕಡ್ಡಿಯ ಬುಡದ ಹತ್ತಿರ ಗೀರು ಹಾಕಿದ. ಒಂದು ಹಸು, ಮೂರು ಮೊಲೆ, ಒಂದೇ ಹೊತ್ತಿನ ಹಾಲು. ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಈ ಬೆಟ್ಟದಲ್ಲಿ ಇಷ್ಟು ಕುಳ್ಳ ಗೀರು ಯಾವತ್ತೂ ಬಿದ್ದಿಲ್ಲ ಕಣೆ. ಸೆಪ್ಟೆಂಬರಲ್ಲಿ ನಿನ್ನ ಪಾಲಿನ ಚೀಸನ್ನ ಇಲಿ ಹೊತ್ಕೊಂಡು ಹೋಗ್ಬಹುದು," ಎಂದ.

"ಇಲಿಗೂ ಬೆಟ್ಟದಲ್ಲಿ ಪಾಲಿದೆ," ಎಂದಳು ನೇಜಾ. "ಬೀಗದ ಕೈ ಎಲ್ಲಿಟ್ಟಿದ್ದೀಯ?"

ಕೇಂದಾ ಮುಂದಿನ ಸಲ ಬಂದಾಗ ಅವಳು ಎಲ್ಲವನ್ನೂ ಹೇಳಿ, ಬಾಟಲಿ ತೋರಿಸಿದಳು. ಎಡಮೊಲೆಯನ್ನು ಇನ್ನು ಬತ್ತಲು ಬಿಡುವುದೇ ಮೇಲೆಂದು ಇಬ್ಬರೂ ಕೂಡಿ ಮಾತಾಡಿಕೊಂಡರು. ಬಾವು ಇಳಿದದ್ದು ಅಂಟಿನಿಂದಲೋ, ತಣ್ಣೀರಿನಿಂದಲೋ, ಬಿಡದೆ ಖಾಲಿ ಮಾಡಿದ್ದರಿಂದಲೋ ನನಗೂ ಹೇಳಲಾಗದು ಎಂದಳು ಕೇಂದಾ. ನೇಜಾ ಅದಕ್ಕೆ ವಾದ ಮಾಡಲಿಲ್ಲ.

ಆ ಕುಳ್ಳ ಗೀರು ಬಿದ್ದ ದಿನದ ಸಂಜೆ ಮಾತ್ರ ಅವಳು ಗುಡಿಸಲಿನ ಹೊಸ್ತಿಲ ಮೇಲೆ ಕೂತವಳು ಏಳಲಿಲ್ಲ. ಸರಿ, ಇವತ್ತೊಂದು ದಿನ ನಾನೇ ಕರೆಯುತ್ತೇನೆ ಎಂದು ಯೆರ್ನೆಯ ಪಾತ್ರೆ ಹಿಡಿದು ಮೋಡದೊಳಗೆ ಹೋದ. ಸ್ವಲ್ಪ ಹೊತ್ತಿಗೆ ಮರದ ಕಡೆಯಿಂದ ಅವನ ದನಿ ಬಂತು.

"ಏಳು ಮಾರಾಯ್ತಿ. ನಿನ್ನ ಹಸು ನನಗೆ ಹಾಲು ಬಿಡ್ತಿಲ್ಲ, ಒದೀತಿದೆ."

ಅವಳು ಬಾಗಿಲ ಚೌಕಟ್ಟು ಹಿಡಿದು ಎದ್ದಳು, ಕೈ ತೊಳೆದುಕೊಂಡಳು, ಬಿಳುಪಿನೊಳಕ್ಕೆ ನಡೆದಳು.